ಸ್ಪೇನ್‌ನ ಗುಡ್ಡದೂರು ಕಪಿಲೇಯ್ರಾ: ಕಾರಿಲ್ಲದೆ ಹೋಗಿ, ನಾಲ್ಕು ದಿನ ಇದ್ದು ಬರುವುದು ಹೇಗೆ

ಸ್ಪೇನ್ ಪ್ರವಾಸ ಅಂದರೆ ಸಾಮಾನ್ಯವಾಗಿ ಎಲ್ಲರ ಪಟ್ಟಿಯೂ ಒಂದೇ ಥರ ಇರುತ್ತದೆ. ಬಾರ್ಸಿಲೋನಾ, ಮ್ಯಾಡ್ರಿಡ್, ಸೆವಿಲ್ಲಾ, ಗ್ರಾನಡಾ, ಮತ್ತೆ ವಿಮಾನ. ಹತ್ತು ದಿನದಲ್ಲಿ ನಾಲ್ಕು ಸಲ ಸೂಟ್‌ಕೇಸ್ ಕಟ್ಟಿ ಬಿಚ್ಚಿ ಸುಸ್ತಾಗುತ್ತದೆ. ನನ್ನ ಸಲಹೆ ಬೇರೆ. ಆ ಪಟ್ಟಿಯಿಂದ ಎರಡು ಊರು ತೆಗೆದುಹಾಕಿ, ಉಳಿದ ದಿನಗಳನ್ನು ಒಂದೇ ಒಂದು ಗುಡ್ಡದೂರಿಗೆ ಕೊಡಿ.

ನಾನು ಹೇಳುತ್ತಿರುವುದು ಕಪಿಲೇಯ್ರಾ ಬಗ್ಗೆ. ಸ್ಪೇನ್‌ನ ದಕ್ಷಿಣದಲ್ಲಿ ಗ್ರಾನಡಾ ನಗರದ ಹಿಂದೆ ಸಿಯೆರಾ ನೆವಾಡಾ ಬೆಟ್ಟಸಾಲು ಇದೆ. ಅದರ ದಕ್ಷಿಣದ ಇಳಿಜಾರಿಗೆ ಅಲ್ಪುಹಾರಾ ಅಂತಾರೆ. ಅಲ್ಲಿ ಪೊಕೇಯ್ರಾ ಅನ್ನೋ ಆಳವಾದ ಕಣಿವೆಯ ಒಂದು ಬದಿಗೆ ಮೂರು ಬಿಳಿ ಊರುಗಳು ಒಂದರ ಮೇಲೊಂದು ಅಂಟಿಕೊಂಡಿವೆ. ಕೆಳಗೆ ಪಂಪನೇಯ್ರಾ, ನಡುವೆ ಬುಬಿಯೋನ್, ಎಲ್ಲಕ್ಕಿಂತ ಮೇಲೆ ಸಮುದ್ರಮಟ್ಟದಿಂದ 1,436 ಮೀಟರ್ ಎತ್ತರದಲ್ಲಿ ಕಪಿಲೇಯ್ರಾ. ಜನ ಐನೂರು ಚಿಲ್ಲರೆ. ಮೂರೂ ಊರುಗಳನ್ನು ಸೇರಿಸಿ ಇಡೀ ಕಣಿವೆಯನ್ನು ಸ್ಪೇನ್ ಸರ್ಕಾರ 1982ರಲ್ಲೇ ಸಂರಕ್ಷಿತ ಐತಿಹಾಸಿಕ ತಾಣ ಅಂತ ಘೋಷಿಸಿತು. ಹಾಗಾಗಿ ಮನಸ್ಸಿಗೆ ಬಂದ ಹಾಗೆ ಮನೆ ಕಟ್ಟೋ ಹಾಗಿಲ್ಲ, ಊರು ಇನ್ನೂ ಊರಿನ ಹಾಗೇ ಇದೆ.

ಗ್ರಾನಡಾದಿಂದ ಒಂದೇ ದಿನದಲ್ಲಿ ಹೋಗಿ ಬರುವವರೂ ತುಂಬಾ ಜನ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರ ತನಕ ಊರಲ್ಲಿ ಪ್ರವಾಸಿ ಬಸ್ಸುಗಳದ್ದೇ ಗಲಾಟೆ. ಊರು ತನ್ನ ಪಾಡಿಗೆ ತಾನು ಇರೋದು ಅದಕ್ಕೆ ಮುಂಚೆ ಮತ್ತು ಆಮೇಲೆ. ಕನಿಷ್ಠ ಮೂರು ರಾತ್ರಿ, ಸಾಧ್ಯವಾದರೆ ನಾಲ್ಕು.

ಯಾವಾಗ ಹೋಗಬೇಕು

ಮೇ, ಜೂನ್ ಒಳ್ಳೆಯದು. ಮೇಲೆ ಹಿಮ ಕರಗುತ್ತಿರುತ್ತದೆ, ಕೆಳಗೆ ಎಲ್ಲಿ ನೋಡಿದರೂ ನೀರು ಹರಿಯುತ್ತಿರುತ್ತದೆ, ಹೂವು ಬಿಟ್ಟಿರುತ್ತವೆ. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆತನಕ ಎರಡನೆಯ ಒಳ್ಳೆಯ ಕಾಲ, ಆಗ ಚೆಸ್ಟ್‌ನಟ್ ಮರಗಳು ಹಳದಿಯಾಗುತ್ತವೆ. ಆಗಸ್ಟ್‌ನಲ್ಲಿ ಇಡೀ ಸ್ಪೇನ್ ರಜೆಯಲ್ಲಿರುತ್ತದೆ, ಕೋಣೆ ಸಿಗೋದು ಕಷ್ಟ, ಬಾಡಿಗೆ ಜಾಸ್ತಿ. ಗ್ರಾನಡಾ ನಗರದಲ್ಲಿ ಆಗ 40 ಡಿಗ್ರಿ ಮುಟ್ಟುವುದೂ ಉಂಟು. ಆದರೆ ಬೆಟ್ಟದ ತುದಿಗೆ ಹೋಗಲೇಬೇಕು ಅನ್ನೋರಿಗೆ ಜುಲೈನಿಂದ ಸೆಪ್ಟೆಂಬರ್ ಬಿಟ್ಟು ಬೇರೆ ಸುಲಭದ ದಾರಿ ಇಲ್ಲ. ಚಳಿಗಾಲದಲ್ಲಿ ಹೋಗೋದಾದರೆ ಕೋಣೆ ಬುಕ್ ಮಾಡುವಾಗಲೇ ಒಂದು ಪ್ರಶ್ನೆ ಕೇಳಿ: ಹೀಟಿಂಗ್ ಇದೆಯಾ, ಅದರ ಖರ್ಚು ಬಾಡಿಗೆಯಲ್ಲೇ ಸೇರಿದೆಯಾ? ಕೆಲವು ಮನೆಗಳಲ್ಲಿ ಸೌದೆ ಒಲೆ ಮಾತ್ರ ಇರುತ್ತದೆ, ಸೌದೆಗೆ ಬೇರೆ ದುಡ್ಡು.

ವೀಸಾ

ಸ್ಪೇನ್‌ಗೆ ಷೆಂಗೆನ್ ವೀಸಾ ಬೇಕು, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಒಂದೇ ವೀಸಾ. ಅರ್ಜಿ ಕೊಡುವ ಕೇಂದ್ರ ಬೆಂಗಳೂರಿನಲ್ಲೇ ಇದೆ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ನಿಯಮದ ಪ್ರಕಾರ ಕೊನೆಯ ಗಡುವು 15 ದಿನ ಮುಂಚೆ, ಆದರೆ ಅಷ್ಟು ಧೈರ್ಯ ಮಾಡಬೇಡಿ. ಬೇಸಿಗೆ ರಜೆಯ ಹೊತ್ತಿಗೆ ಅಪಾಯಿಂಟ್‌ಮೆಂಟ್ ಸಿಗೋದೇ ದೊಡ್ಡ ಕಥೆ, ಮೂರು ತಿಂಗಳು ಮುಂಚೆ ಶುರು ಮಾಡಿದರೆ ನೆಮ್ಮದಿ. ದೊಡ್ಡವರಿಗೆ ಶುಲ್ಕ 90 ಯೂರೋ, 6ರಿಂದ 12 ವರ್ಷದ ಮಕ್ಕಳಿಗೆ 45. ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಬೆಟ್ಟ ಹತ್ತುವ ಯೋಚನೆ ಇದ್ದರೆ ಆ ವಿಮೆಯಲ್ಲಿ ಚಾರಣವೂ ಸೇರಿದೆಯಾ, ಎಷ್ಟು ಮೀಟರ್ ಎತ್ತರದ ತನಕ ಅಂತ ಓದಿ ನೋಡಿ. ಅಗ್ಗದ ಪಾಲಿಸಿಗಳು ಎತ್ತರಕ್ಕೆ ಮಿತಿ ಇಟ್ಟಿರುತ್ತವೆ.

ಇನ್ನೊಂದು ವಿಷಯ. ಎರಡು ಮೂರು ಷೆಂಗೆನ್ ದೇಶ ಸುತ್ತುವವರು ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ವೀಸಾ ಬರೋ ತನಕ ರದ್ದು ಮಾಡಲು ಬರುವಂಥ ಕೋಣೆಗಳನ್ನೇ ಬುಕ್ ಮಾಡಿ.

ಅಲ್ಲಿಗೆ ತಲುಪುವುದು

ಬೆಂಗಳೂರಿನಿಂದ ದುಬೈ, ದೋಹಾ, ಅಬುಧಾಬಿ ಮೂಲಕವೋ, ಇಲ್ಲಾ ಫ್ರಾಂಕ್‌ಫರ್ಟ್, ಪ್ಯಾರಿಸ್ ಮೂಲಕವೋ ಮ್ಯಾಡ್ರಿಡ್ ಅಥವಾ ಮಾಲಗಾಕ್ಕೆ ಹೋಗಬಹುದು. ಟಿಕೆಟ್ ದರದಲ್ಲಿ ದೊಡ್ಡ ವ್ಯತ್ಯಾಸ ಇಲ್ಲದಿದ್ದರೆ ಮಾಲಗಾ ಹಿಡಿಯಿರಿ. ಅಲ್ಲಿಂದ ಗ್ರಾನಡಾಕ್ಕೆ ಬಸ್ಸಲ್ಲಿ ಎರಡು ಗಂಟೆಯೊಳಗೆ. ಮ್ಯಾಡ್ರಿಡ್‌ನಲ್ಲಿ ಇಳಿದರೆ ವೇಗದ ರೈಲು ಇದೆ, ಗ್ರಾನಡಾಕ್ಕೆ ಮೂರೂವರೆ ಗಂಟೆ ಚಿಲ್ಲರೆ. ಅದರ ಟಿಕೆಟ್ ಮುಂಚೆಯೇ ತೆಗೆದರೆ ಅಗ್ಗ, ಹಿಂದಿನ ದಿನ ತೆಗೆದರೆ ಕಣ್ಣಲ್ಲಿ ನೀರು ಬರುತ್ತದೆ.

ಗ್ರಾನಡಾದಲ್ಲಿ ಒಂದು ರಾತ್ರಿ ಇರಿ. ಹೇಗೂ ಅಷ್ಟು ದೂರ ಹೋಗಿ ಆಲಂಬ್ರಾ ಅರಮನೆ ನೋಡದೆ ಬರೋಕಾಗಲ್ಲ ಅಲ್ವಾ. ಅದರ ಟಿಕೆಟ್ ಪಾಸ್‌ಪೋರ್ಟ್ ಹೆಸರಿನಲ್ಲಿ, ವಾರಗಳ ಮುಂಚೆಯೇ ಆನ್‌ಲೈನ್‌ನಲ್ಲಿ ತೆಗೆದಿಟ್ಟುಕೊಳ್ಳಿ. ಒಳಗಿನ ನಸ್ರಿದ್ ಅರಮನೆಗೆ ನಿಗದಿತ ಸಮಯ ಇರುತ್ತದೆ, ತಡವಾದರೆ ಬಿಡಲ್ಲ.

ಈಗ ಮುಖ್ಯ ಭಾಗ, ಬಸ್ಸು. ಗ್ರಾನಡಾದ ದೊಡ್ಡ ಬಸ್ ನಿಲ್ದಾಣ ನಗರದ ಹೊರಗಡೆ, ಹಾಏನ್ ರಸ್ತೆಯಲ್ಲಿದೆ. ಅಲ್ಲಿಂದ ಆಲ್ಸಾ ಕಂಪನಿಯ ಬಸ್ಸು ಲಾನ್‌ಹಾರೋನ್, ಓರ್ಹಿವಾ ದಾಟಿ, ಪಂಪನೇಯ್ರಾ, ಬುಬಿಯೋನ್ ಮುಟ್ಟಿ ಕಪಿಲೇಯ್ರಾಗೆ ಬರುತ್ತದೆ. ಎರಡೂವರೆ ಗಂಟೆಯ ದಾರಿ, ಹತ್ತು ಯೂರೋ ಒಳಗೇ ಟಿಕೆಟ್. ಆದರೆ ದಿನಕ್ಕೆ ಮೂರರ ಆಸುಪಾಸು ಬಸ್ಸಷ್ಟೇ. ವಾರದ ದಿನ, ಭಾನುವಾರ, ಹಬ್ಬದ ದಿನಗಳ ವೇಳಾಪಟ್ಟಿ ಬೇರೆಬೇರೆ ಇರಬಹುದು. ಕಂಪನಿಯ ವೆಬ್‌ಸೈಟ್‌ನಲ್ಲಿ ನಿಮ್ಮ ದಿನಾಂಕವನ್ನೇ ಹಾಕಿ ನೋಡಿ, ಯಾರೋ ಎರಡು ವರ್ಷದ ಹಿಂದೆ ಬರೆದ ಸಮಯ ನಂಬಬೇಡಿ. ಕೊನೆಯ ಬಸ್ಸು ತಪ್ಪಿದರೆ ಟ್ಯಾಕ್ಸಿಗೆ ನೂರು ಯೂರೋ ದಾಟಬಹುದು. ಓರ್ಹಿವಾ ದಾಟಿದ ಮೇಲೆ ರಸ್ತೆ ಪೂರ್ತಿ ತಿರುವು. ಹೊಟ್ಟೆ ತೊಳಸುವವರು ಮುಂದಿನ ಸೀಟು ಹಿಡಿದು, ಮಾತ್ರೆ ನುಂಗಿ ಕೂತುಕೊಳ್ಳಿ.

ಕಾರು ಬಾಡಿಗೆಗೆ ತಗೊಂಡರೆ ಆಗಲ್ವಾ ಅಂತ ಕೇಳಬಹುದು. ಆಗುತ್ತದೆ. ಆದರೆ ಅಲ್ಲಿ ಬಲಬದಿ ಓಡಿಸಬೇಕು, ಗೇರು ಬಲಗೈಗೆ ಬರುತ್ತದೆ, ಅದರ ಜೊತೆ ಪ್ರಪಾತದ ಪಕ್ಕದ ತಿರುವು. ಅಷ್ಟೆಲ್ಲ ಮಾಡಿ ಊರು ಸೇರಿದರೆ ಒಳಗಿನ ಬೀದಿಗಳಿಗೆ ಕಾರು ಹೋಗಲ್ಲ. ಕಾರಿದ್ದರೆ ಸುಮ್ನೆ ದಿನಾ ಒಂದೊಂದು ಊರಿಗೆ ಓಡುವ ಚಟವೂ ಹತ್ತುತ್ತದೆ. ವಯಸ್ಸಾದವರು ಜೊತೆಗಿದ್ದರೆ ಮಾತ್ರ ಕಾರಿನ ಯೋಚನೆ ಮಾಡಿ.

ಎಲ್ಲಿ ಉಳಿಯಬೇಕು

ಕಪಿಲೇಯ್ರಾದಲ್ಲಿ ಸಣ್ಣ ಹೋಟೆಲುಗಳಿವೆ, ಅಡುಗೆಮನೆ ಇರುವ ಬಾಡಿಗೆ ಮನೆಗಳೂ ಇವೆ. ಸಸ್ಯಾಹಾರಿಗಳಿಗೆ, ಮಕ್ಕಳಿರುವವರಿಗೆ ಅಡುಗೆಮನೆ ಇರುವುದೇ ಒಳ್ಳೆಯದು, ಯಾಕೆ ಅಂತ ಮುಂದೆ ಹೇಳುತ್ತೇನೆ. ಬುಕ್ ಮಾಡುವ ಮುಂಚೆ ಬಸ್ ನಿಲ್ಲುವ ಜಾಗದಿಂದ ಮನೆ ಎಷ್ಟು ಕೆಳಗೆ ಅಥವಾ ಮೇಲೆ ಇದೆ ಅಂತ ಕೇಳಿ. ನಕ್ಷೆಯಲ್ಲಿ 200 ಮೀಟರ್ ಅಂತ ಕಾಣುವುದು ಅಲ್ಲಿ ಪೂರ್ತಿ ಮೆಟ್ಟಿಲಾಗಿರಬಹುದು. ಕಲ್ಲುಹಾಸಿನ ಬೀದಿಯಲ್ಲಿ ಚಕ್ರದ ಸೂಟ್‌ಕೇಸ್ ಎಳೆಯೋಕೆ ಆಗಲ್ಲ. ದೊಡ್ಡ ಲಗೇಜನ್ನು ಗ್ರಾನಡಾದ ಹೋಟೆಲಿನಲ್ಲೇ ಬಿಟ್ಟು, ಬೆನ್ನಿಗೆ ಹಾಕುವ ಚೀಲದಲ್ಲಿ ನಾಲ್ಕು ದಿನದ ಬಟ್ಟೆ ತನ್ನಿ. ಹೆಚ್ಚಿನ ಹೋಟೆಲುಗಳು ಇಟ್ಟುಕೊಳ್ಳುತ್ತವೆ.

ಮನೆಯವರು ಪಾಸ್‌ಪೋರ್ಟ್ ವಿವರ ಕೇಳಿದರೆ ಗಾಬರಿಯಾಗಬೇಡಿ, ಅತಿಥಿಗಳ ವಿವರ ದಾಖಲಿಸಬೇಕು ಅಂತ ಅಲ್ಲಿನ ಕಾನೂನೇ ಇದೆ. ಕೈಯಲ್ಲಿ ಒಂದಿಷ್ಟು ನಗದು ಇರಲಿ. ನಮ್ಮ ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಅಲ್ಲಿನ ಸಾಕೆಟ್‌ಗೆ ಕೂರುತ್ತದೆ, ಮೂರು ಪಿನ್ನಿನದ್ದಕ್ಕೆ ಅಡಾಪ್ಟರ್ ಬೇಕು.

ಊರೊಳಗೆ ಏನು ನೋಡಬೇಕು

ಮೊದಲ ಸಂಜೆ ಎಲ್ಲಿಗೂ ಹೋಗಬೇಡಿ. ಬೀದಿಗಳಲ್ಲಿ ಮೇಲೆ ಕೆಳಗೆ ಅಡ್ಡಾಡಿ, ತಲೆ ಎತ್ತಿ ಮನೆಗಳನ್ನು ನೋಡಿ. ಕಲ್ಲುಗೋಡೆಗೆ ಸುಣ್ಣ, ಚೆಸ್ಟ್‌ನಟ್ ಮರದ ತೊಲೆ, ಅದರ ಮೇಲೆ ಕಲ್ಲುಚಪ್ಪಡಿ, ಎಲ್ಲಕ್ಕಿಂತ ಮೇಲೆ ಲೌನಾ ಅನ್ನೋ ಬೂದು ಬಣ್ಣದ ಜೇಡಿಮಣ್ಣು. ನಮ್ಮ ಬಯಲುಸೀಮೆಯ ಮಾಳಿಗೆ ಮನೆ ನೋಡಿದವರಿಗೆ ಈ ಸಪಾಟು ಮಣ್ಣಿನ ಮಾಳಿಗೆ ತಕ್ಷಣ ಅರ್ಥವಾಗುತ್ತದೆ. ಮಳೆ ಬಿದ್ದರೆ ಆ ಮಣ್ಣು ನೀರು ಕುಡಿದು ಬಿಗಿಯಾಗಿ, ಒಳಗೆ ಸೋರದ ಹಾಗೆ ತಡೆಯುತ್ತದೆ. ಒಂದು ಮನೆಯ ಮಾಳಿಗೆ ಅಂದರೆ ಮೇಲಿನ ಮನೆಯ ಬಾಗಿಲ ಮಟ್ಟ. ಕೆಲವು ಕಡೆ ಮನೆಯ ಒಂದು ಭಾಗ ಬೀದಿಯ ಮೇಲೇ ಚಾಚಿಕೊಂಡು ಎದುರು ಮನೆಗೆ ತಾಗಿರುತ್ತದೆ, ಅದರ ಕೆಳಗೇ ಜನ ಓಡಾಡುತ್ತಾರೆ. ಅದಕ್ಕೆ ತಿನಾವೋ ಅಂತಾರೆ.

ಇದೆಲ್ಲ ಅರಬ್ ಕಾಲದಿಂದ, ಅಂದರೆ ಇಲ್ಲಿ ಮುಸ್ಲಿಂ ದೊರೆಗಳ ಆಳ್ವಿಕೆ ಇದ್ದಾಗಿನಿಂದ ಬಂದ ಕಟ್ಟುವ ಕ್ರಮ. 1492ರ ಜನವರಿಯಲ್ಲಿ ಗ್ರಾನಡಾ ಕ್ರೈಸ್ತ ರಾಜರ ಕೈಗೆ ಹೋದ ಮೇಲೂ ಮುಸ್ಲಿಂ ಮೂಲದ ರೈತರು ಈ ಗುಡ್ಡಗಳಲ್ಲಿ ಉಳಿದರು. ಬಲವಂತದ ಮತಾಂತರ, ಭಾಷೆ ಮತ್ತು ಉಡುಪಿನ ಮೇಲೆ ನಿಷೇಧ ಎಲ್ಲ ಸೇರಿ 1568ರಲ್ಲಿ ಇಲ್ಲಿ ದೊಡ್ಡ ದಂಗೆಯಾಯಿತು. 1571ಕ್ಕೆ ಅದನ್ನು ಹೊಸಕಿಹಾಕಿದರು. ಜನರನ್ನು ಇಲ್ಲಿಂದ ಎಬ್ಬಿಸಿ ದೂರದ ಊರುಗಳಿಗೆ ಚದುರಿಸಿ, ಉತ್ತರದಿಂದ ಹೊಸಬರನ್ನು ತಂದು ಕೂರಿಸಿದರು. ನೀರು ಹಾಯಿಸುವ ವಿದ್ಯೆ ಗೊತ್ತಿರುವವರು ಬೇಕಲ್ಲ, ಅದಕ್ಕೇ ಊರಿಗೆ ಎರಡು ಹಳೆಯ ಕುಟುಂಬ ಉಳಿಸಿಕೊಂಡರು ಅಂತ ಅಲ್ಲಿ ಇವತ್ತಿಗೂ ಹೇಳುತ್ತಾರೆ.

ಆ ನೀರಿನ ಕಥೆ ಗೊತ್ತಿದ್ದರೆ ಇಡೀ ಕಣಿವೆ ಬೇರೆ ಥರ ಕಾಣುತ್ತದೆ. ಬೇಸಿಗೆಯಲ್ಲಿ ಇಲ್ಲಿ ಮಳೆಯೇ ಇಲ್ಲ ಅನ್ನಬಹುದು. ಆದರೂ ಮೆಟ್ಟಿಲು ಗದ್ದೆಗಳು ಹಸಿರು. ವಸಂತದಲ್ಲಿ ಹಿಮ ಕರಗಿದಾಗ ಆ ನೀರನ್ನು ಹೊಳೆಗೆ ಬಿಡದೆ, ಬೆಟ್ಟದ ಮೇಲ್ಭಾಗದಲ್ಲೇ ಅಗೆದ ಮಣ್ಣಿನ ಕಾಲುವೆಗಳಲ್ಲಿ ಅಡ್ಡಕ್ಕೆ ತಿರುಗಿಸಿ, ನೀರು ಇಂಗುವಂಥ ಜಾಗಗಳಿಗೆ ಬಿಡುತ್ತಾರೆ. ಅದು ನೆಲದೊಳಗೆ ನಿಧಾನಕ್ಕೆ ಇಳಿದು ವಾರ, ತಿಂಗಳುಗಳ ನಂತರ ಕೆಳಗಿನ ಊರುಗಳ ಒರತೆಗಳಲ್ಲಿ ಬರುತ್ತದೆ. ಕಾಲುವೆ ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದ, ಕೆಲವು ಊರಲ್ಲಿ ಈಗಲೂ ಇದ್ದಾನೆ. ಜನ ಊರು ಬಿಟ್ಟು ಪೇಟೆಗೆ ಹೋದಂತೆ ಎಷ್ಟೋ ಕಾಲುವೆ ಮುಚ್ಚಿಹೋದವು. ಈಚಿನ ವರ್ಷಗಳಲ್ಲಿ ಗ್ರಾನಡಾ ವಿಶ್ವವಿದ್ಯಾಲಯದವರು ಊರಿನವರನ್ನೂ ಸ್ವಯಂಸೇವಕರನ್ನೂ ಸೇರಿಸಿಕೊಂಡು ಅವನ್ನು ಮತ್ತೆ ತೋಡಿ ತೆಗೆಯುತ್ತಿದ್ದಾರೆ. ನಡೆಯುವಾಗ ಇಂಥ ಕಾಲುವೆಗಳ ಏರಿಯ ಮೇಲೇ ಎಷ್ಟೋ ಸಲ ದಾರಿ ಸಾಗುತ್ತದೆ. ಅಂಚು ಕುಸಿಯುವ ಹಾಗೆ ತುಳಿಯಬೇಡಿ, ಕಲ್ಲು ಹಾಕಿ ತಡೆದಿದ್ದರೆ ಮಕ್ಕಳ ಆಟಕ್ಕೂ ಅದನ್ನು ತೆಗೆಯಬೇಡಿ. ಯಾರದೋ ಹೊಲದ ಸರದಿ ಇರುತ್ತದೆ.

ನಡಿಗೆಗಳು

ಎಲ್ಲಕ್ಕಿಂತ ಸುಲಭದ್ದು ಮೂರು ಊರಿನ ನಡಿಗೆ. ಬೆಳಿಗ್ಗೆ ಬೇಗ ಕಪಿಲೇಯ್ರಾದಿಂದ ಇಳಿದು ಬುಬಿಯೋನ್, ಅಲ್ಲಿಂದ ಪಂಪನೇಯ್ರಾ. ದಾರಿ ಪೂರ್ತಿ ಇಳಿಜಾರು, ಒಟ್ಟು ಇಳಿತ 400 ಮೀಟರ್ ಹತ್ತಿರ. ಪಂಪನೇಯ್ರಾದ ಬೀದಿ ನಡುವೆಯೇ ಸಣ್ಣ ಕಾಲುವೆ ಹರಿಯುತ್ತದೆ, ಬಣ್ಣದ ಹರಾಪಾ ಜಮಖಾನಗಳನ್ನು ನೇತುಹಾಕಿದ ಅಂಗಡಿಗಳಿವೆ, ಚಾಕೊಲೇಟ್ ಮಾಡುವ ಸಣ್ಣ ಕಾರ್ಖಾನೆಯೂ ಇದೆ. ವಾಪಸ್ ಹತ್ತೋಕೆ ಮೊಣಕಾಲು ಒಪ್ಪದಿದ್ದರೆ ಮೇಲೆ ಬರುವ ಬಸ್ಸು ಹಿಡಿಯಿರಿ. ಇಳಿಯುವ ಮುಂಚೆಯೇ ಆ ಬಸ್ಸಿನ ಸಮಯ ಬರೆದಿಟ್ಟುಕೊಳ್ಳಿ.

ಎರಡನೆಯದು ಕಣಿವೆಯ ತಳದ ದಾರಿ. ಕಪಿಲೇಯ್ರಾದಿಂದ ಉತ್ತರಕ್ಕೆ ಹೋಗಿ, ಲಾ ಸೆಬಾದಿಯಾ ಅನ್ನೋ ಪಾಳು ಬಿದ್ದ ಸಣ್ಣ ಊರಿನ ತನಕ ನಡೆದು, ಹೊಳೆ ದಾಟಿ ಬರುವುದು. ಜಲವಿದ್ಯುತ್ ಸ್ಥಾವರದ ಕೆಲಸಗಾರರಿಗೆ ಅಂತ ಕಟ್ಟಿದ ಮನೆಗಳವು, ಈಗ ಯಾರೂ ಇಲ್ಲ. ಅರ್ಧ ದಿನ ಸಾಕು. ಊರಿಗೆ ವಾಪಸ್ ಹತ್ತುವ ಕೊನೆಯ ಏರು ಮಾತ್ರ ಬಿಸಿಲಲ್ಲಿ ಜೀವ ತೆಗೆಯುತ್ತದೆ, ಮಧ್ಯಾಹ್ನಕ್ಕೆ ಮುಂಚೆ ಮುಗಿಸಿ. ದಾರಿ ಗುರುತು ಸುಲಭ. ಬಿಳಿ ಮತ್ತು ಕೆಂಪು ಪಟ್ಟಿ ಅಂದರೆ ದೂರದ ದಾರಿ, ಬಿಳಿ ಮತ್ತು ಹಳದಿ ಅಂದರೆ ಸಣ್ಣ ದಾರಿ, ಅದೇ ಬಣ್ಣಗಳ ಪಟ್ಟಿಗಳು ಗುಣಾಕಾರ ಚಿಹ್ನೆಯ ಹಾಗೆ ಒಂದನ್ನೊಂದು ದಾಟಿದ್ದು ಕಂಡರೆ ನೀವು ತಪ್ಪು ಕಡೆ ತಿರುಗಿದ್ದೀರಿ.

ಮೂರನೆಯದು ಮುಲಾಸೇನ್ ಶಿಖರ. 3,479 ಮೀಟರ್. ಸ್ಪೇನ್‌ನ ಮುಖ್ಯಭೂಮಿಯಲ್ಲಿ ಇದಕ್ಕಿಂತ ಎತ್ತರದ್ದಿಲ್ಲ, ಇನ್ನೂ ಎತ್ತರದ ತೈದೆ ಇರುವುದು ದೂರದ ಕನೇರಿ ದ್ವೀಪದಲ್ಲಿ. ಬೇಸಿಗೆಯಲ್ಲಿ, ಹಿಮ ಕರಗಿದ ಮೇಲೆ, ಕಪಿಲೇಯ್ರಾದಿಂದ ರಾಷ್ಟ್ರೀಯ ಉದ್ಯಾನದ ಸಣ್ಣ ಬಸ್ಸು 2,700 ಮೀಟರ್ ಎತ್ತರದ ಮಿರಾದೋರ್ ದೆ ತ್ರೆವೇಲೆಸ್ ತನಕ ಕರೆದೊಯ್ಯುತ್ತದೆ. ಖಾಸಗಿ ಕಾರುಗಳನ್ನು ಅಷ್ಟು ಮೇಲಕ್ಕೆ ಬಿಡಲ್ಲ. ಸೀಟು ಮುಂಚೆಯೇ ಕಾದಿರಿಸಬೇಕು, ಗಾಳಿ ಜೋರಾದರೆ ಬಸ್ಸೇ ರದ್ದು. ಹಾಗಾಗಿ ಈ ದಿನವನ್ನು ಪ್ರವಾಸದ ಕೊನೆಗೆ ಇಡಬೇಡಿ, ಎರಡನೇ ದಿನಕ್ಕೇ ಇಡಿ. ರದ್ದಾದರೆ ಮರುದಿನ ಇರುತ್ತದೆ. ಬಸ್ಸಿಳಿದ ಮೇಲೆ ತುದಿಗೆ ಹೋಗಿ ಬರೋಕೆ ಐದಾರು ಗಂಟೆ. ಹಗ್ಗ ಹಿಡಿದು ಹತ್ತುವಂಥದ್ದೇನೂ ಅಲ್ಲ, ಆದರೆ ನೆರಳು ಅನ್ನೋದು ಇಲ್ಲವೇ ಇಲ್ಲ, ತಲೆನೋವು ಬರಬಹುದು, ಜುಲೈನಲ್ಲೂ ಜಾಕೆಟ್ ಬೇಕು. ಆಕಾಶ ತಿಳಿಯಾಗಿದ್ದರೆ ಮೆಡಿಟರೇನಿಯನ್ ಸಮುದ್ರವೂ ಅದರಾಚೆ ಮೊರಾಕ್ಕೋದ ಬೆಟ್ಟಗಳೂ ಕಾಣುತ್ತವೆ. ಮೇಲಕ್ಕೆ ಹೋಗುವ ಆಸೆ ಇಲ್ಲದವರು ಬಸ್ಸಿಳಿದ ಜಾಗದಲ್ಲೇ ಒಂದಿಷ್ಟು ಅಡ್ಡಾಡಿ, ಕಾಡುಮೇಕೆ ನೋಡಿ ವಾಪಸ್ ಬಂದರೂ ದುಡ್ಡು ವಸೂಲ್. ತುರ್ತು ಸಂಖ್ಯೆ 112.

ಬೈಲಕುಪ್ಪೆಯ ನಂಟು

ಕಣಿವೆಯ ಎದುರು ದಿಬ್ಬದ ಮೇಲೆ ಬೌದ್ಧ ಸ್ತೂಪ ಕಂಡರೆ ಆಶ್ಚರ್ಯಪಡಬೇಡಿ. ಅದು ಓಸೆಲ್ ಲಿಂಗ್ ಧ್ಯಾನಕೇಂದ್ರ. ಟಿಬೆಟನ್ ಗುರು ಲಾಮಾ ಥುಬ್ತೆನ್ ಯೇಶೆ 1980ರಲ್ಲಿ ಶುರು ಮಾಡಿಸಿದ್ದು, ದಲೈ ಲಾಮಾ 1982ರಲ್ಲಿ ಬಂದು ಹೆಸರಿಟ್ಟದ್ದು. ಲಾಮಾ ಯೇಶೆ 1984ರಲ್ಲಿ ತೀರಿಕೊಂಡರು. ಮರುವರ್ಷ ಬುಬಿಯೋನ್‌ನ ಒಂದು ಸ್ಪ್ಯಾನಿಷ್ ಕುಟುಂಬದಲ್ಲಿ ಹುಟ್ಟಿದ ಓಸೆಲ್ ಎಂಬ ಮಗುವನ್ನು ಅವರ ಪುನರ್ಜನ್ಮ ಅಂತ ಗುರುತಿಸಿದರು. ಆ ಹುಡುಗ ಬೆಳೆದು ಓದಿದ್ದು ಎಲ್ಲಿ ಗೊತ್ತಾ? ನಮ್ಮ ಬೈಲಕುಪ್ಪೆಯ ಸೆರಾ ಮಠದಲ್ಲಿ. ಹದಿನೆಂಟರ ಹೊತ್ತಿಗೆ ಮಠ ಬಿಟ್ಟು ಹೊರಟ, ಆಮೇಲೆ ಸಿನಿಮಾ ಓದಿದ. ಮೈಸೂರು, ಕುಶಾಲನಗರ ಕಡೆಯವರಾದರೆ ಅಲ್ಲಿ ಯಾರ ಜೊತೆಗಾದರೂ ಮಾತು ಶುರು ಮಾಡೋಕೆ ಇದಕ್ಕಿಂತ ಒಳ್ಳೆಯ ನೆಪ ಬೇಕಾ? ಕೇಂದ್ರಕ್ಕೆ ಹೊರಗಿನವರನ್ನು ಬಿಡುವ ಹೊತ್ತು ಕಡಿಮೆ, ಸಮಯ ನೋಡಿಕೊಂಡೇ ಹೋಗಿ. ನಡೆದು ಹೋಗುವುದು ಕಡಿದಾದ ದಾರಿ. ಪಂಪನೇಯ್ರಾದಿಂದ ಟ್ಯಾಕ್ಸಿ ಮಾಡಿಕೊಂಡು ಹೋಗಿ, ನಡೆದು ಇಳಿಯುವುದು ಜಾಣತನ.

ಊಟ

ಇಲ್ಲಿ ಸಸ್ಯಾಹಾರಿಗಳು ಸ್ವಲ್ಪ ಗಟ್ಟಿ ಆಗಬೇಕು. ಅಲ್ಪುಹಾರಾದ ಹೆಸರಾಂತ ತಟ್ಟೆ ಊಟ ಅಂದರೆ ಆಲೂಗಡ್ಡೆ, ಮೊಟ್ಟೆ, ಅದರ ಜೊತೆ ಮೂರು ನಾಲ್ಕು ಥರದ ಹಂದಿಮಾಂಸ. ಪಕ್ಕದ ತ್ರೆವೇಲೆಸ್ ಊರು ಬದುಕುವುದೇ ಗಾಳಿಗೆ ಒಣಗಿಸಿದ ಹಂದಿ ತೊಡೆ, ಅಂದರೆ ಹಮೋನ್ ಮಾರಿ. ಮಾಂಸ ಬೇಡ ಅಂದರೂ ಹಮೋನ್ ಚೂರು ಉದುರಿಸಿ ತಂದಿಡುತ್ತಾರೆ, ಅವರ ಲೆಕ್ಕದಲ್ಲಿ ಅದು ಬರೀ ರುಚಿಗೆ. ಆದ್ದರಿಂದ ಪೂರ್ತಿ ಹೇಳಿ: "ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೆಸ್ಕಾದೋ, ಸಿನ್ ಅತೂನ್." ಮಾಂಸ, ಹಮೋನ್, ಮೀನು, ಟ್ಯೂನಾ ಯಾವುದೂ ಬೇಡ ಅಂತ. ಮೊಟ್ಟೆಯೂ ಬೇಡದಿದ್ದರೆ "ಸಿನ್ ವೇವೋ" ಸೇರಿಸಿ.

ಹಾಗಾದರೆ ಏನು ತಿನ್ನೋದು? ಪತಾತಾಸ್ ಆ ಲೋ ಪೋಬ್ರೆ, ಅಂದರೆ ಆಲೂಗಡ್ಡೆ, ಈರುಳ್ಳಿ, ಹಸಿ ದಪ್ಪಮೆಣಸಿನಕಾಯಿಯನ್ನು ಆಲಿವ್ ಎಣ್ಣೆಯಲ್ಲಿ ನಿಧಾನಕ್ಕೆ ಬೇಯಿಸಿದ್ದು, ಎಲ್ಲಾ ಕಡೆ ಸಿಗುತ್ತದೆ. ಬದನೆಕಾಯಿ ಕರಿದು ಕಬ್ಬಿನ ಪಾಕ ಸುರಿದು ಕೊಡುವ ಬೆರೆನ್‌ಹೇನಾಸ್ ಕೋನ್ ಮಿಯೆಲ್ ಬಿಡಲೇಬೇಡಿ. ಪಿಸ್ತೋ ಅಂದರೆ ತರಕಾರಿ ಗೊಜ್ಜಿನ ಥರದ್ದು, ಮೇಲೆ ಮೊಟ್ಟೆ ಇರುತ್ತದೆ, ಬೇಡ ಅನ್ನಬಹುದು. ಮೇಕೆ ಹಾಲಿನ ಚೀಸ್, ಜೇನು, ಬಾದಾಮಿ ಊರಿನದ್ದೇ. ಮಾಂಸ ತಿನ್ನುವವರಿಗೆ ನಾನು ಹೇಳಬೇಕಾದ್ದೇನಿಲ್ಲ, ನೀವು ಸುಖವಾಗಿರುತ್ತೀರಿ.

ಆದರೆ ಹೊತ್ತು ಎಲ್ಲರಿಗೂ ಒಂದೇ ಸಮಸ್ಯೆ. ಮಧ್ಯಾಹ್ನದ ಊಟ ಎರಡರಿಂದ ನಾಲ್ಕು, ರಾತ್ರಿಯ ಅಡುಗೆಮನೆ ತೆರೆಯುವುದು ಎಂಟೂವರೆ ಮೇಲೆ. ನಡುವೆ ಏನೂ ಸಿಗಲ್ಲ, ದಿನಸಿ ಅಂಗಡಿಯೂ ಎರಡರಿಂದ ಐದರ ತನಕ ಮುಚ್ಚಿರುತ್ತದೆ, ಭಾನುವಾರ ಮಧ್ಯಾಹ್ನದ ಮೇಲಂತೂ ಕೇಳಲೇಬೇಡಿ. ಇದಕ್ಕೇ ಅಡುಗೆಮನೆ ಇರುವ ಮನೆ ಹಿಡಿಯಿರಿ ಅಂದದ್ದು. ಅಕ್ಕಿ, ತರಕಾರಿ, ಮೊಸರು ಅಲ್ಲೇ ಸಿಗುತ್ತವೆ. ಸಾರಿನ ಪುಡಿ, ಉಪ್ಪಿನಕಾಯಿ, ಅವಲಕ್ಕಿ ನಿಮ್ಮ ಚೀಲದಲ್ಲಿರಲಿ. ಹಾಲು ಬೆರೆತದ್ದನ್ನೂ ಮಾಂಸದ್ದನ್ನೂ ಯುರೋಪಿನೊಳಗೆ ತರೋ ಹಾಗಿಲ್ಲ, ಅಮ್ಮ ಕೊಟ್ಟ ಪೇಡಾ ಮನೆಯಲ್ಲೇ ಬಿಟ್ಟು ಬನ್ನಿ.

ಗ್ರಾನಡಾ ಸೀಮೆಯ ಒಂದು ಒಳ್ಳೆಯ ಪದ್ಧತಿ: ಬಾರಿನಲ್ಲಿ ಕುಡಿಯಲು ಏನಾದರೂ ತಗೊಂಡರೆ ಅದರ ಜೊತೆ ಒಂದು ಸಣ್ಣ ತಟ್ಟೆ ತಿಂಡಿ ಸಾಮಾನ್ಯವಾಗಿ ಪುಕ್ಕಟೆ. ಆಲ್ಕೊಹಾಲ್ ಇಲ್ಲದ ಬಿಯರ್ ಕೇಳಿದರೂ ಕೊಡುತ್ತಾರೆ. ಯಾವ ತಿಂಡಿ ಅನ್ನೋದು ಅವರಿಷ್ಟ, ಹಾಗಾಗಿ ಮೊದಲೇ ಮೇಲಿನ ಮಂತ್ರ ಹೇಳಿ. ನಲ್ಲಿ ನೀರು ಧಾರಾಳವಾಗಿ ಕುಡಿಯಿರಿ. ಬೀದಿಯ ಚಿಲುಮೆಗಳ ನೀರೂ ಕುಡಿಯಬಹುದು, "ನೋ ಪೊತಾಬ್ಲೆ" ಅಂತ ಫಲಕ ಇಲ್ಲದಿದ್ದರೆ.

ಅಂಗಡಿಗೆ, ಬಾರಿಗೆ, ಬಸ್ಸಿಗೆ ಹತ್ತುವಾಗ "ಓಲಾ" ಅಥವಾ "ಬ್ವೆನೋಸ್ ದಿಯಾಸ್" ಅನ್ನಿ. ಸುಮ್ಮನೆ ಒಳಗೆ ನುಗ್ಗಿ ಬೆಲೆ ಕೇಳಿದರೆ ಅವರಿಗೆ ಹಿಡಿಸಲ್ಲ. ಇಂಗ್ಲಿಷ್ ಬಲ್ಲವರು ಕಡಿಮೆ, ಫೋನಿನಲ್ಲಿ ಅನುವಾದದ ಆ್ಯಪ್‌ಗೆ ಸ್ಪ್ಯಾನಿಷ್ ಮೊದಲೇ ಇಳಿಸಿಟ್ಟುಕೊಳ್ಳಿ. ಕಣಿವೆಯ ತಳದಲ್ಲಿ ಸಿಗ್ನಲ್ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ, ನಕ್ಷೆಯೂ ಹಾಗೇ ಇಳಿಸಿರಲಿ.

ವಾಪಸ್

ಕಪಿಲೇಯ್ರಾದಿಂದ ಹೊರಟ ದಿನವೇ ವಿಮಾನ ಹಿಡಿಯುವ ಲೆಕ್ಕ ಹಾಕಬೇಡಿ. ಬಸ್ಸು ದಿನಕ್ಕೆ ಮೂರೇ ಇರುವಾಗ ಒಂದು ಕೈಕೊಟ್ಟರೂ ಎಲ್ಲ ತಲೆಕೆಳಗು. ಹಿಂದಿನ ದಿನದ ಬಸ್ಸಿಗೆ ಗ್ರಾನಡಾಕ್ಕೆ ಇಳಿದು, ಬಿಟ್ಟ ಲಗೇಜು ತಗೊಂಡು, ಸಂಜೆಯೇ ಮಾಲಗಾ ಸೇರಿ ಮಲಗಿಬಿಡಿ. ಜೇನು ಕೊಂಡಿದ್ದರೆ ಅದು ಕೈಚೀಲದಲ್ಲಿ ಹೋಗಲ್ಲ, ಚೆಕ್ ಇನ್ ಬ್ಯಾಗಿಗೇ ಹಾಕಿ. ಹರಾಪಾ ಜಮಖಾನ ಕೊಳ್ಳುವ ಮುಂಚೆ ಒಮ್ಮೆ ಎತ್ತಿ ನೋಡಿ. ಕಣ್ಣಿಗೆ ಹಗುರ ಕಾಣುತ್ತದೆ, ತೂಕದ ಯಂತ್ರದ ಮೇಲೆ ಹಾಗಿರಲ್ಲ.